ಫಾರ್ವರ್ಡ್ ಒತ್ತುವ ಮೊದಲು: ಪ್ರಚಾರವನ್ನು ಬಿಡಿಸಿ ನೋಡುವುದು ಹೇಗೆ?

ಪ್ರೊಪಗ್ಯಾಂಡಾ, ಅಂದರೆ ಜನರ ಮನಸ್ಸನ್ನು ಒಂದು ಕಡೆಗೆ ತಿರುಗಿಸಲು ಮಾಡುವ ಪ್ರಚಾರ, ಅಂದ ಕೂಡಲೇ ನಮಗೆ ನೆನಪಾಗುವುದು ಸುಳ್ಳು. ಹಾಗಾಗಿ "ಇದು ನಿಜವಾ, ಸುಳ್ಳಾ?" ಎಂದು ಕೇಳಿ ಅಷ್ಟಕ್ಕೇ ಸುಮ್ಮನಾಗುತ್ತೇವೆ. ಆ ಒಂದು ಪ್ರಶ್ನೆ ಸಾಲದು. ಚೆನ್ನಾಗಿ ಕೆಲಸ ಮಾಡುವ ಪ್ರಚಾರದಲ್ಲಿ ಎಷ್ಟೋ ಸಲ ನಿಜವೇ ಜಾಸ್ತಿ ಇರುತ್ತದೆ. ನಮ್ಮೊಳಗೆ ಮೊದಲೇ ಇರುವ ಭಯ, ಅಭಿಮಾನ, ಮಕ್ಕಳ ಮೇಲಿನ ಪ್ರೀತಿ ಇವನ್ನೆಲ್ಲ ಅದು ಕೈಗೆತ್ತಿಕೊಳ್ಳುತ್ತದೆ. ಯೋಚಿಸಲು ಸಮಯ ಕೊಡದೆ ನಮ್ಮಿಂದ ಒಂದು ಕೆಲಸ ಮಾಡಿಸಿಬಿಡುತ್ತದೆ.

ಯುದ್ಧಕ್ಕೆ, ಚುನಾವಣೆಗೆ, ಜಾಹೀರಾತಿಗೆ ಬೇರೆ ಬೇರೆ ಮಾರ್ಗದರ್ಶಿ ಬೇಕಿಲ್ಲ. ತಂತ್ರ ಒಂದೇ. ಕೆಲವೊಮ್ಮೆ ಅದನ್ನು ಮಾಡುವ ಜನವೂ ಒಂದೇ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಜನರನ್ನು ಒಪ್ಪಿಸಲು ಸರ್ಕಾರ ಒಂದು ಸಮಿತಿ ಮಾಡಿತು. ಜಾರ್ಜ್ ಕ್ರೀಲ್ ಎಂಬ ಪತ್ರಕರ್ತ ಅದರ ಮುಖ್ಯಸ್ಥ. ಸಿನಿಮಾ ಮಂದಿರಗಳಲ್ಲಿ ರೀಲು ಬದಲಿಸುವ ಹೊತ್ತಿನಲ್ಲಿ ಎದ್ದು ನಿಂತು ನಾಲ್ಕು ನಿಮಿಷ ಯುದ್ಧದ ಪರ ಮಾತಾಡಲು ಆ ಸಮಿತಿ ಸಾವಿರಾರು ಜನರನ್ನು ತಯಾರು ಮಾಡಿತ್ತು. ಅಲ್ಲಿ ಕೆಲಸ ಮಾಡಿದ ಎಡ್ವರ್ಡ್ ಬರ್ನೇಸ್, ಯುದ್ಧ ಮುಗಿದ ಮೇಲೆ ಅದೇ ವಿದ್ಯೆಯನ್ನು ಸೋಪು, ಸಿಗರೇಟು ಮಾರಲು ಬಳಸಿದ. ರಾಜಕಾರಣಿಗಳ ವರ್ಚಸ್ಸು ಬೆಳೆಸಲೂ ಬಳಸಿದ.

ಕೆಳಗಿನ ಹೆಜ್ಜೆಗಳನ್ನು ಪೋಸ್ಟರಿಗೂ ಬಳಸಬಹುದು, ಭಾಷಣಕ್ಕೂ ಬಳಸಬಹುದು, ವಾಟ್ಸಾಪ್ ಮೆಸೇಜಿಗೂ ಬಳಸಬಹುದು.

1. ಮೊದಲು ನಿಮ್ಮ ಮನಸ್ಸಿಗೆ ಏನಾಯಿತು ನೋಡಿ

ಓದಿದ ಕೂಡಲೇ ಎದೆ ಧಸಕ್ಕೆಂದಿತಾ? ಸಿಟ್ಟು ನೆತ್ತಿಗೇರಿತಾ? ಕಣ್ಣು ತುಂಬಿ ಬಂತಾ? ಹಾಗಿದ್ದರೆ ಅಲ್ಲೇ ನಿಲ್ಲಿ. ಆ ಭಾವನೆ ತಪ್ಪಲ್ಲ. ಆದರೆ ಅದು ಸಾಕ್ಷಿಯೂ ಅಲ್ಲ.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿತು. ಅಕ್ಟೋಬರ್ 10ರಂದು ವಾಷಿಂಗ್ಟನ್‌ನಲ್ಲಿ, ಮಾನವ ಹಕ್ಕುಗಳ ಬಗ್ಗೆ ಕೆಲಸ ಮಾಡುವ ಸಂಸದರ ಗುಂಪೊಂದರ ಮುಂದೆ 15 ವರ್ಷದ ಹುಡುಗಿಯೊಬ್ಬಳು ಅಳುತ್ತಾ ಮಾತಾಡಿದಳು. ನಯೀರಾ ಎಂಬ ಹೆಸರು ಬಿಟ್ಟರೆ ಅವಳ ಪರಿಚಯ ಹೇಳಲಿಲ್ಲ. ತಾನು ಕುವೈತ್‌ನ ಆಸ್ಪತ್ರೆಯಲ್ಲಿ ಸಹಾಯಕ್ಕೆ ಹೋಗಿದ್ದೆ, ಇರಾಕಿ ಸೈನಿಕರು ಇನ್‌ಕ್ಯುಬೇಟರ್‌ಗಳಿಂದ ಹಸುಗೂಸುಗಳನ್ನು ತೆಗೆದು ತಣ್ಣನೆಯ ನೆಲದ ಮೇಲೆ ಸಾಯಲು ಬಿಟ್ಟರು ಎಂದಳು. ಟಿವಿಯಲ್ಲಿ ಅದನ್ನು ನೋಡಿದ ಯಾರ ಕರುಳು ಚುರ್ರೆನ್ನುವುದಿಲ್ಲ ಹೇಳಿ? ಅಧ್ಯಕ್ಷ ಜಾರ್ಜ್ ಬುಷ್ ಆ ಕಥೆಯನ್ನು ಮತ್ತೆ ಮತ್ತೆ ಹೇಳಿದರು. ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯರೂ ಹೇಳಿದರು. 1991ರ ಜನವರಿ 12ರಂದು ಸೆನೆಟ್ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು. ಪರವಾಗಿ 52 ಮತ, ವಿರುದ್ಧ 47. ಅಷ್ಟು ಸಣ್ಣ ಅಂತರ.

ಮುಂದಿನ ವರ್ಷ ವಿಷಯ ಹೊರಬಿತ್ತು. ಆ ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು. ಆ ಪ್ರಚಾರ ನಡೆಸಿದ್ದು ಹಿಲ್ ಅಂಡ್ ನೋಲ್ಟನ್ ಎಂಬ ಪಿಆರ್ (ಸಾರ್ವಜನಿಕ ಸಂಪರ್ಕ) ಕಂಪನಿ. ಅದಕ್ಕೆ ಕೆಲಸ ಕೊಟ್ಟ ಸಂಘಟನೆಗೆ ಹೆಚ್ಚಿನ ಹಣ ಬಂದದ್ದು ಕುವೈತ್ ಸರ್ಕಾರದಿಂದ. ಯುದ್ಧ ಮುಗಿದ ಮೇಲೆ ವಿಚಾರಿಸಿದ ಮಾನವ ಹಕ್ಕು ಸಂಘಟನೆಗಳಿಗೆ ಇನ್‌ಕ್ಯುಬೇಟರ್ ಕಥೆಗೆ ಆಧಾರ ಸಿಗಲಿಲ್ಲ.

ಇರಾಕಿ ಸೇನೆ ಕುವೈತ್‌ನಲ್ಲಿ ಜನರನ್ನು ಕೊಂದದ್ದು, ಹಿಂಸಿಸಿದ್ದು ನಿಜ. ಆ ನಿಜ ಇದ್ದೂ ಹಸುಗೂಸಿನ ಕಥೆ ಯಾಕೆ ಬೇಕಾಯಿತು? ಸತ್ತ ಹಸುಗೂಸಿನ ಮಾತು ಬಂದಾಗ "ಸ್ವಲ್ಪ ತಾಳಿ, ಸಾಕ್ಷಿ ಎಲ್ಲಿ?" ಎಂದು ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ಕೇಳಿದವರು ಕಲ್ಲೆದೆಯವರಂತೆ ಕಾಣುತ್ತಾರೆ. ಮಕ್ಕಳು, ಹೆಣ್ಣುಮಕ್ಕಳ ಮಾನ, ದೇವಸ್ಥಾನ, ಮಸೀದಿ, ಸೈನಿಕರ ಹೆಣ ಇವು ಬಂದ ಕಡೆಯೆಲ್ಲ ಇದೇ ಬಿಗಿ ಇರುತ್ತದೆ.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಉಪಾಯ ತಡ ಮಾಡುವುದು. ಭಾವನೆ ಜೋರಾಗಿದ್ದಷ್ಟೂ ಹೆಚ್ಚು ತಡ ಮಾಡಿ. ಇವತ್ತು ರಾತ್ರಿ ಬಂದದ್ದನ್ನು ನಾಳೆ ಬೆಳಿಗ್ಗೆ ಇನ್ನೊಮ್ಮೆ ಓದಿ. ನಿಜವಾದ ಸುದ್ದಿ ನಾಳೆಯೂ ನಿಜವಾಗಿಯೇ ಇರುತ್ತದೆ.

2. ನಿಮ್ಮಿಂದ ಏನು ಮಾಡಿಸಬೇಕಂತ ಇದೆ?

ಪ್ರತಿ ಪ್ರಚಾರದಲ್ಲೂ ಒಂದು ಬೇಡಿಕೆ ಇರುತ್ತದೆ. ಸೇನೆಗೆ ಸೇರು. ಇದನ್ನು ಕೊಳ್ಳು. ಇವರಿಗೆ ಓಟು ಹಾಕು. ಆ ಅಂಗಡಿಗೆ ಹೋಗಬೇಡ. ಕೆಲವು ಸಲ ಬರೀ "ಸುಮ್ಮನಿರು" ಅಂತಲೂ ಇರಬಹುದು. ಚಿತ್ರ, ಸಂಗೀತ, ದೊಡ್ಡ ಮಾತು ಎಲ್ಲ ತೆಗೆದುಹಾಕಿ ಆ ಬೇಡಿಕೆಯನ್ನು ಒಂದು ಸಾಲಲ್ಲಿ ಬರೆಯಿರಿ. ಅದರ ಪಕ್ಕದಲ್ಲಿ, ನೋಡಿದಾಗ ನಿಮಗೆ ಹುಟ್ಟಿದ ಭಾವನೆಯನ್ನು ಬರೆಯಿರಿ. ಎರಡಕ್ಕೂ ಏನಾದರೂ ಸಂಬಂಧ ಇದೆಯಾ ನೋಡಿ.

1929ರ ಮಾರ್ಚ್ 31, ಈಸ್ಟರ್ ಭಾನುವಾರ. ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂನಲ್ಲಿ ಮೆರವಣಿಗೆಯ ಜನಸಂದಣಿ. ಅದರ ನಡುವೆ ಕೆಲವು ಯುವತಿಯರು ಎಲ್ಲರೆದುರು ಸಿಗರೇಟು ಹಚ್ಚಿದರು. ಹೆಂಗಸರು ಬೀದಿಯಲ್ಲಿ ಸೇದುವುದನ್ನು ಆ ಕಾಲದ ಸಮಾಜ ಸಹಿಸುತ್ತಿರಲಿಲ್ಲ. ಆ ಸಿಗರೇಟುಗಳಿಗೆ "ಸ್ವಾತಂತ್ರ್ಯದ ಪಂಜುಗಳು" ಎಂಬ ಹೆಸರು ಕೊಟ್ಟಿದ್ದರು. ಪತ್ರಿಕೆಗಳವರಿಗೆ ಮೊದಲೇ ಸುಳಿವು ಹೋಗಿತ್ತು. ಫೋಟೊ ಸಮೇತ ಸುದ್ದಿಯಾಯಿತು. ಹಿಂದೆ ನಿಂತು ಏರ್ಪಾಡು ಮಾಡಿದವನು ಬರ್ನೇಸ್. ಅವನಿಗೆ ಹಣ ಕೊಟ್ಟದ್ದು ಲಕ್ಕಿ ಸ್ಟ್ರೈಕ್ ಸಿಗರೇಟಿನ ಅಮೆರಿಕನ್ ಟೊಬ್ಯಾಕೊ ಕಂಪನಿ.

ಈಗ ಮೇಲೆ ಹೇಳಿದಂತೆ ಬರೆದು ನೋಡಿ. ಬೇಡಿಕೆ: ಹೆಂಗಸರು ಸಿಗರೇಟು ಕೊಳ್ಳಬೇಕು. ಭಾವನೆ: ಸ್ವಾತಂತ್ರ್ಯ. ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ದೇಶದುದ್ದಕ್ಕೂ ಓಟಿನ ಹಕ್ಕು ಸಿಕ್ಕಿದ್ದೇ 1920ರಲ್ಲಿ. ಸಮಾನತೆಯ ಆಸೆ ನೂರಕ್ಕೆ ನೂರು ನಿಜವಾಗಿತ್ತು, ನ್ಯಾಯವಾಗಿತ್ತು. ಆ ಆಸೆಗೆ ಕಂಪನಿ ತನ್ನ ಸರಕನ್ನು ಗಂಟು ಹಾಕಿತು, ಅಷ್ಟೇ.

ನಮ್ಮ ಮನೆಗಳಲ್ಲಿ ಇದೇ ಕೆಲಸವನ್ನು ನಾಚಿಕೆಯಿಂದ ಮಾಡಿಸಿದ್ದಾರೆ. ಫೇರ್ ಅಂಡ್ ಲವ್ಲಿ ನಮ್ಮ ದೇಶದಲ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಕಪ್ಪಗಿರುವ ಹುಡುಗಿಗೆ ಕೆಲಸ ಸಿಗುವುದಿಲ್ಲ, ಗಂಡು ಸಿಗುವುದಿಲ್ಲ. ಕ್ರೀಮ್ ಹಚ್ಚಿದಳು, ಎಲ್ಲ ಸಿಕ್ಕಿತು. ಆ ಜಾಹೀರಾತುಗಳ ಕಥೆ ಹೀಗೆ ಸಾಗುತ್ತಿತ್ತು. ಕೊರತೆಯನ್ನು ತಾವೇ ತೋರಿಸಿ, ಪರಿಹಾರವನ್ನೂ ತಾವೇ ಮಾರುವುದು. 2020ರಲ್ಲಿ ಹೆಸರು ಗ್ಲೋ ಅಂಡ್ ಲವ್ಲಿ ಆಯಿತು. ಆ ನಾಚಿಕೆಯನ್ನು ಹೊತ್ತು ಬೆಳೆದ ಹುಡುಗಿಯರಿಗೆ ಯಾರು ಏನು ಕೊಡುತ್ತಾರೆ? ಜಾಹೀರಾತನ್ನು "ಅಯ್ಯೋ, ಅದು ಬರೀ ಜಾಹೀರಾತು" ಅಂತ ತಳ್ಳಿಹಾಕಲು ನನಗೆ ಆಗದಿರುವುದು ಇದಕ್ಕೇ.

3. ದುಡ್ಡು ಯಾರದ್ದು?

ಇದು ಸಣ್ಣ ಕೆಲಸ, ಆದರೆ ಬಿಡಬೇಡಿ. ಚುನಾವಣೆಯ ಕರಪತ್ರ, ಪೋಸ್ಟರ್ ಕೈಗೆ ಬಂದರೆ ಅದರ ತಳ ನೋಡಿ. ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಅದರಲ್ಲಿ ಇರಲೇಬೇಕು. ಇಲ್ಲದಿದ್ದರೆ ಅದನ್ನು ಹಂಚಿದವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯಿರಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನ ರಾಜಕೀಯ ಜಾಹೀರಾತಿಗೆ ಯಾರು ಹಣ ಕೊಟ್ಟರು ಎಂಬುದನ್ನು ಅವುಗಳ ಒಡೆತನದ ಕಂಪನಿ ಮೆಟಾದ ಆ್ಯಡ್ ಲೈಬ್ರರಿ ಎಂಬ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಪತ್ರಿಕೆಯ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ಜಾಹೀರಾತು" ಅಂತ ಇದೆಯಾ ನೋಡಿ.

ದುಡ್ಡು ಕೊಟ್ಟವರು ಗೊತ್ತಾದ ಮಾತ್ರಕ್ಕೆ ವಿಷಯ ಸುಳ್ಳು ಅಂತಲ್ಲ. ಯಾವ ಕಡೆಯಿಂದ ಅನುಮಾನಿಸಬೇಕು ಅಂತ ತಿಳಿಯುತ್ತದೆ.

4. ಗೌರವವನ್ನು ಯಾರಿಂದ ಕಡ ತಂದಿದ್ದಾರೆ?

ಬಿಳಿ ಕೋಟು, ಸೇನೆಯ ಸಮವಸ್ತ್ರ, ಧ್ವಜ, ದೇವರ ಫೋಟೊ, ಸಿನಿಮಾ ನಟ. ನಾವು ಮೊದಲೇ ನಂಬುವ ಒಂದನ್ನು ತಂದು ಪಕ್ಕದಲ್ಲಿ ನಿಲ್ಲಿಸುತ್ತಾರೆ. ನಂಬಿಕೆ ತಾನಾಗಿಯೇ ಈಚೆಗೆ ಹರಿಯುತ್ತದೆ. 1946ರಿಂದ ಅಮೆರಿಕದಲ್ಲಿ ಕ್ಯಾಮೆಲ್ ಸಿಗರೇಟಿನವರು "ಬೇರೆ ಯಾವ ಸಿಗರೇಟಿಗಿಂತಲೂ ಕ್ಯಾಮೆಲ್ ಸೇದುವ ಡಾಕ್ಟರುಗಳೇ ಹೆಚ್ಚು" ಎಂದು ಸಾರಿದರು. ಚಿತ್ರದಲ್ಲಿ ಸೌಮ್ಯ ಮುಖದ ವೈದ್ಯರು ಇರುತ್ತಿದ್ದರು.

ನಮ್ಮಲ್ಲಿ ಮಕ್ಕಳ ಹಾಲಿಗೆ ಬೆರೆಸುವ ಪುಡಿಗಳು ವರ್ಷಗಟ್ಟಲೆ "ಹೆಲ್ತ್ ಡ್ರಿಂಕ್" ಹೆಸರಲ್ಲಿ ಮಾರಾಟವಾದವು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಬೋರ್ನ್‌ವಿಟಾ ಸೇರಿದಂತೆ ಇಂಥ ಪೇಯಗಳನ್ನು ಆ ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ ಹಾಗೊಂದು ವರ್ಗವೇ ಇಲ್ಲ. ಡಬ್ಬಿಯ ಮುಂಭಾಗ ಓದಬೇಡಿ, ಹಿಂಭಾಗ ಓದಿ. ನೂರು ಗ್ರಾಂನಲ್ಲಿ ಸಕ್ಕರೆ ಎಷ್ಟು ಎಂದು ಅಲ್ಲಿ ಬರೆದಿರುತ್ತಾರೆ.

ರಾಜಕೀಯಕ್ಕೂ ಇದೇ ಮಾತು. 2019ರ ಮಾರ್ಚ್‌ನಲ್ಲಿ ಚುನಾವಣಾ ಆಯೋಗ, ಪ್ರಚಾರದಲ್ಲಿ ಸೈನಿಕರ ಫೋಟೊ ಬಳಸಬೇಡಿ ಎಂದು ಎಲ್ಲ ಪಕ್ಷಗಳಿಗೂ ಹೇಳಬೇಕಾಯಿತು. ಸೈನಿಕನ ಮೇಲಿನ ಗೌರವ ಸೈನಿಕನದ್ದು. ಅದು ಅಭ್ಯರ್ಥಿಯ ಖಾತೆಗೆ ಜಮಾ ಆಗಬಾರದು.

5. ಏನನ್ನು ಬಿಟ್ಟಿದ್ದಾರೆ?

ಹೇಳಿದ್ದರಲ್ಲಿ ತಪ್ಪು ಹುಡುಕುವುದು ಸುಲಭ. ಹೇಳದೆ ಬಿಟ್ಟದ್ದನ್ನು ಕಾಣಲು ಅಭ್ಯಾಸ ಬೇಕು. ಈ ಅಭ್ಯಾಸಕ್ಕೆ ಒಂದು ಒಳ್ಳೆಯ ಜಾಗ ನಮ್ಮ ಶ್ರೀರಂಗಪಟ್ಟಣದಲ್ಲಿದೆ.

1784ರ ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯ ಮುಂದೆ ನಿಂತುಕೊಳ್ಳಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ನಡೆದ ಕಾಳಗದ ಚಿತ್ರ ಅಲ್ಲಿದೆ. ಹೈದರ್, ಟಿಪ್ಪು ಸೇನೆ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಸುತ್ತುವರಿದಿದೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಆ ಪಡೆಯ ನಾಯಕ ಕರ್ನಲ್ ಬೇಲಿ ಪಲ್ಲಕ್ಕಿಯೊಳಗೆ ಗಾಬರಿಯಿಂದ ಕೂತಿದ್ದಾನೆ. ಗೆದ್ದವರ ಮುಖದಲ್ಲಿ ಮಾತ್ರ ಆತಂಕದ ಗೆರೆಯೂ ಇಲ್ಲ. ಗೆಲುವು ನಿಜ, ಅದೂ ದೊಡ್ಡ ಗೆಲುವು. ಆದರೆ ಮರುವರ್ಷ ಪರಂಗಿಪೇಟೆಯಲ್ಲಿ ಹೈದರ್ ಸೋತದ್ದು ಗೋಡೆಗೆ ಬರಲಿಲ್ಲ.

ಈಗ ಇನ್ನೊಂದು ಕಡೆಯದ್ದನ್ನೂ ನೋಡಿ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ಕೈಗೆ ಬಿತ್ತು. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕ ಕೋಟೆ ಹತ್ತುವ ದೃಶ್ಯವನ್ನು ಬೃಹತ್ ಚಿತ್ರವಾಗಿ ಬರೆದ. ಲಂಡನ್ನಿನ ಜನ ಅದನ್ನು ಮುಗಿಬಿದ್ದು ನೋಡಿದರು. ಅವನು ಈ ಊರನ್ನು ಕಂಡವನೇ ಅಲ್ಲ. ಶೌರ್ಯ ಅಲ್ಲಿ ಬೇಕಾದಷ್ಟಿತ್ತು. ಕೋಟೆ ಬಿದ್ದ ರಾತ್ರಿ ಸೈನಿಕರು ಊರೊಳಗೆ ನಡೆಸಿದ ಲೂಟಿ ಆ ದೃಶ್ಯದೊಳಗೆ ಇರಲಿಲ್ಲ. ಅಲ್ಲಿನ ಒಬ್ಬ ನೋಡುಗ, ಇಲ್ಲಿನ ಒಬ್ಬ ನೋಡುಗ, ಇಬ್ಬರೂ ತಮ್ಮವರ ಬಗ್ಗೆ ಹೆಮ್ಮೆಪಟ್ಟು ಮನೆಗೆ ಹೋಗಿರಬೇಕು, ಅಲ್ವಾ? ಇವತ್ತಿಗೂ ಟಿಪ್ಪು ಬಗ್ಗೆ ನಾವು ಜಗಳವಾಡುವಾಗ ಎರಡೂ ಕಡೆಯವರು ಒಂದೊಂದು ಗೋಡೆಯನ್ನೇ ತೋರಿಸುತ್ತೇವೆ.

ಈಗಿನ ಕಾಲದಲ್ಲಿ ಬಿಡುವುದು ಅಂದರೆ ವಿಡಿಯೊ ಕತ್ತರಿಸುವುದು. 2018ರಲ್ಲಿ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಊರೂರಿಗೆ ಹರಿದಾಡಿತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆ ಬಗ್ಗೆ ಮಾಡಿದ ಜಾಗೃತಿ ಜಾಹೀರಾತು. ಪೂರ್ತಿ ವಿಡಿಯೊದಲ್ಲಿ ಅದೇ ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು, ಒಂದು ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಗುಲ್ಲಿಗೆ ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರು, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬರು ಜನರ ಕೈಯಲ್ಲಿ ಸತ್ತರು. ಮುರ್ಕಿಯಲ್ಲಿ ಸತ್ತವರು ಹೈದರಾಬಾದಿನ ಸಾಫ್ಟ್‌ವೇರ್ ಉದ್ಯೋಗಿ. ಅವರ ಜೊತೆ ಬಂದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಅಷ್ಟೇ ಸಾಕಾಯಿತು.

ವಿಡಿಯೊದ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ದೃಶ್ಯ ಹಳೆಯ ತಾರೀಖಿನಲ್ಲಿ, ಬೇರೆ ಊರಿನ ಹೆಸರಲ್ಲಿ ಸಿಕ್ಕರೆ ಮುಂದೆ ಓದುವ ಅಗತ್ಯವೇ ಇಲ್ಲ. ವಿಡಿಯೊ ಥಟ್ಟನೆ ಶುರುವಾಗಿ ಥಟ್ಟನೆ ನಿಂತರೆ ಹಿಂದೆ ಮುಂದೆ ಏನಿತ್ತು ಎಂದು ಕೇಳಿ.

6. ಜನರಿಗೆ ಏನಂತ ಹೆಸರಿಟ್ಟಿದ್ದಾರೆ?

1978ರ ಚಿಕ್ಕಮಗಳೂರು ಉಪಚುನಾವಣೆ ಹಿರಿಯರಿಗೆ ನೆನಪಿರುತ್ತದೆ. ಇಂದಿರಾ ಗಾಂಧಿ ಒಂದು ಕಡೆ, ವೀರೇಂದ್ರ ಪಾಟೀಲರು ಇನ್ನೊಂದು ಕಡೆ. "ಏಕ್ ಶೇರ್ನಿ, ಸೌ ಲಂಗೂರ್, ಚಿಕ್ಕಮಗಳೂರ್ ಭಾಯಿ ಚಿಕ್ಕಮಗಳೂರ್" ಎಂಬ ಘೋಷಣೆ ದೇಶದುದ್ದಕ್ಕೂ ಹಬ್ಬಿತು. ಒಂದು ಹೆಣ್ಣು ಸಿಂಹ, ನೂರು ಮುಸುವ. ತುರ್ತು ಪರಿಸ್ಥಿತಿ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಕೇಳಬೇಕಾದ ಪ್ರಶ್ನೆಗಳು ರಾಶಿ ಇದ್ದವು. ಆ ಸಾಲಿನಲ್ಲಿ ಒಂದಕ್ಕೂ ಉತ್ತರ ಇಲ್ಲ. ಆದರೆ ಪ್ರಾಸ ನಾಲಿಗೆಗೆ ಅಂಟಿಕೊಂಡಿತು, ಇಷ್ಟು ವರ್ಷವಾದರೂ ಬಿಟ್ಟಿಲ್ಲ. ಪ್ರಾಸ ಚೆನ್ನಾಗಿ ಕೂತಿದೆ ಅನಿಸಿದಾಗ ಅದನ್ನು ಮುರಿದು, ಅದೇ ಅರ್ಥವನ್ನು ಸಾದಾ ಮಾತಲ್ಲಿ ಹೇಳಿ ನೋಡಿ. ಮಾತಿನಲ್ಲಿ ತೂಕ ಇದ್ದರೆ ಉಳಿಯುತ್ತದೆ.

ಚುನಾವಣೆಯ ಕೂಗು ಒಂದು ಮಟ್ಟ. ಒಂದು ಇಡೀ ಸಮುದಾಯಕ್ಕೆ ಪ್ರಾಣಿಯ, ಹುಳದ, ರೋಗದ ಹೆಸರಿಟ್ಟರೆ ಅದು ಬೇರೆಯೇ ಮಟ್ಟ. ಆಫ್ರಿಕಾದ ರುವಾಂಡಾದಲ್ಲಿ 1993ರ ಜುಲೈನಲ್ಲಿ ಆರ್‌ಟಿಎಲ್‌ಎಂ ಎಂಬ ರೇಡಿಯೊ ಶುರುವಾಯಿತು. ಹಾಡು, ಹರಟೆ, ತಮಾಷೆ ಎಲ್ಲ ಇತ್ತು. ಯುವಕರು ಇಷ್ಟಪಟ್ಟು ಕೇಳುತ್ತಿದ್ದರು. ಅದರ ನಡುನಡುವೆ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನರನ್ನು "ಜಿರಲೆಗಳು" ಎನ್ನುತ್ತಿದ್ದರು. 1994ರ ಏಪ್ರಿಲ್‌ನಲ್ಲಿ ಕಗ್ಗೊಲೆ ಶುರುವಾದಾಗ ಅದೇ ರೇಡಿಯೊ ಯಾರನ್ನು ಹುಡುಕಬೇಕು, ಎಲ್ಲಿ ಹುಡುಕಬೇಕು ಎಂದು ಹೇಳಿತು. ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಜನ ಸತ್ತರು. ಆ ರೇಡಿಯೊ ಹುಟ್ಟುಹಾಕಿದವರಿಗೆ 2003ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ಕೊಟ್ಟಿತು.

ಹಾಗಾಗಿ ಯಾವುದೇ ಬರಹದಲ್ಲಿ "ಅವರೆಲ್ಲ", "ಆ ಜನ" ಎಂದು ಬಂದಾಗ ಆ ಜಾಗದಲ್ಲಿ ನಿಮಗೆ ಗೊತ್ತಿರುವ ಒಬ್ಬರ ಹೆಸರು ಹಾಕಿ ಓದಿ. ನಿಮ್ಮ ದರ್ಜಿ, ಸಹೋದ್ಯೋಗಿ, ಮಗಳ ಟೀಚರ್. ವಾಕ್ಯ ಆಗಲೂ ನಿಲ್ಲುತ್ತದಾ? ನಿಲ್ಲದಿದ್ದರೆ ಅದು ಜನರ ಬಗ್ಗೆ ಬರೆದದ್ದಲ್ಲ.

7. ನಿಮ್ಮ ಕಡೆಯವರ ಮಾತನ್ನೇ ಜಾಸ್ತಿ ಪರೀಕ್ಷಿಸಿ

ಮೇಲಿನ ಎಲ್ಲ ಹೆಜ್ಜೆಗಿಂತ ಇದು ಕಷ್ಟ. ಇದನ್ನು ಬಿಟ್ಟರೆ ಮಿಕ್ಕದ್ದು ಎದುರಿನವರಿಗೆ ಹೊಡೆಯುವ ಕೋಲಾಗಿಬಿಡುತ್ತದೆ. ಎದುರು ಪಕ್ಷದ ಭಾಷಣದಲ್ಲಿ ಎಲ್ಲ ತಂತ್ರವೂ ನಮಗೆ ಕಾಣುತ್ತದೆ. ನಮಗೆ ಹಿತವಾದ ಮಾತಿನಲ್ಲಿ ಒಂದೂ ಕಾಣುವುದಿಲ್ಲ.

ಪ್ರಚಾರವನ್ನು ಬಿಡಿಸಿ ನೋಡಲು ಜನರಿಗೆ ಕಲಿಸಬೇಕೆಂದೇ 1937ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಸಂಸ್ಥೆ ಹುಟ್ಟಿತ್ತು. ಏಳು ತಂತ್ರಗಳ ಪಟ್ಟಿ ಮಾಡಿ ಶಾಲೆಗಳಿಗೆ ಕೊಟ್ಟಿತು. ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿದ ಸ್ವಲ್ಪ ದಿನಕ್ಕೇ, 1942ರಲ್ಲಿ, ಅದು ಬಾಗಿಲು ಮುಚ್ಚಿತು. ಯುದ್ಧದ ಹೊತ್ತಿನಲ್ಲಿ ತಮ್ಮದೇ ದೇಶದ ಪ್ರಚಾರವನ್ನು ಬಿಡಿಸಿ ತೋರಿಸುವುದು ಯಾರಿಗೂ ಸುಲಭವಲ್ಲ.

ತಮ್ಮವರ ಸುಳ್ಳನ್ನು ಕ್ಷಮಿಸಿದರೆ ಏನಾಗುತ್ತದೆ? 1917ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ದೊಡ್ಡ ಪತ್ರಿಕೆಗಳು ಒಂದು ಸುದ್ದಿ ಹಾಕಿದವು. ಜರ್ಮನರು ತಮ್ಮದೇ ಸೈನಿಕರ ಹೆಣಗಳನ್ನು ಕಾರ್ಖಾನೆಯಲ್ಲಿ ಕುದಿಸಿ ಕೊಬ್ಬು ತೆಗೆಯುತ್ತಾರೆ ಅಂತ. ಅದು ಸುಳ್ಳು. 1925ರಲ್ಲಿ ವಿದೇಶಾಂಗ ಮಂತ್ರಿ ಆಸ್ಟೆನ್ ಚೇಂಬರ್ಲೇನ್ ಸಂಸತ್ತಿನಲ್ಲೇ, ಆ ಕಥೆಗೆ ಆಧಾರ ಇರಲಿಲ್ಲ ಎಂಬ ಜರ್ಮನಿಯ ಮಾತನ್ನು ಒಪ್ಪಿಕೊಂಡರು. ಜನ "ನಮ್ಮನ್ನು ಮೋಸ ಮಾಡಿದರು" ಅಂದುಕೊಂಡರು. ಬೆಲ್ಜಿಯಂನಲ್ಲಿ 1914ರಲ್ಲಿ ಜರ್ಮನ್ ಸೇನೆ ನಿಜವಾಗಿಯೂ ಸಾವಿರಾರು ನಾಗರಿಕರನ್ನು ಕೊಂದಿತ್ತು. ಆ ನಿಜವನ್ನೂ ಸುಳ್ಳಿನ ಜೊತೆಗೇ ಎಸೆದುಬಿಟ್ಟರು. ಮುಂದೆ 1942ರ ಹೊತ್ತಿಗೆ ಯಹೂದಿಗಳನ್ನು ಸಾಮೂಹಿಕವಾಗಿ ಕೊಲ್ಲುತ್ತಿದ್ದಾರೆ ಎಂಬ ವರದಿಗಳು ಬರತೊಡಗಿದಾಗ, "ಇದೂ ಅಂಥದ್ದೇ ಕಥೆ" ಎಂದು ಅನುಮಾನಿಸಿದವರಿದ್ದರು. ಈ ಸಲ ಸುದ್ದಿ ನಿಜವಾಗಿತ್ತು.

ಆದ್ದರಿಂದ "ಯಾರನ್ನೂ ನಂಬಬೇಡಿ, ಎಲ್ಲ ಮೀಡಿಯಾನೂ ಮೋಸ" ಎನ್ನುವವರ ಮಾತನ್ನೂ ಒಪ್ಪಬೇಡಿ. ಅಕ್ಕಿಯಲ್ಲಿ ಕಲ್ಲು ಸಿಕ್ಕಿತು ಅಂತ ಅಕ್ಕಿಯನ್ನೇ ಚೆಲ್ಲುವುದಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಡೆಯಿಂದ ಅದೇ ಸುದ್ದಿ ಬಂದಿದೆಯಾ ನೋಡಿ. ಹತ್ತು ಗ್ರೂಪಿನಲ್ಲಿ ಬಂದ ಒಂದೇ ಫಾರ್ವರ್ಡ್ ಹತ್ತು ಸಾಕ್ಷಿಯಲ್ಲ, ಒಂದೇ. ಇದು ಹೇಳುವಷ್ಟು ಸುಲಭವಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರೆ ಸಾಕು, ಅದು ನಿಜ ಅನಿಸತೊಡಗುತ್ತದೆ ಎಂದು 1977ರಿಂದಲೂ ಮನಶ್ಶಾಸ್ತ್ರದ ಪ್ರಯೋಗಗಳು ತೋರಿಸುತ್ತಾ ಬಂದಿವೆ.

8. ಮನೆಯವರಿಗೆ ಹೇಳುವುದು

2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ಆಗಲಿದೆ ಎಂಬ ವದಂತಿ ಎಸ್‌ಎಂಎಸ್‌ನಲ್ಲಿ ಹಬ್ಬಿತು. ಬೇರೆ ದೇಶದ, ಬೇರೆ ಘಟನೆಯ ಫೋಟೊಗಳು ಇಂಟರ್‌ನೆಟ್‌ನಲ್ಲಿ ಓಡಾಡಿದವು. ಸರ್ಕಾರ ಅಭಯ ಕೊಟ್ಟಿತು. ಒಟ್ಟಿಗೆ ಕಳಿಸುವ ಎಸ್‌ಎಂಎಸ್‌ಗಳಿಗೆ ಕೇಂದ್ರ ಮಿತಿ ಹಾಕಿತು. ಆದರೂ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ಊರಿಂದ ಅಪ್ಪ ಅಮ್ಮ ಫೋನ್ ಮಾಡಿ "ಬಂದುಬಿಡು" ಅಂದಮೇಲೆ ಮಂತ್ರಿಯ ಹೇಳಿಕೆ ಯಾರಿಗೆ ಕೇಳಿಸುತ್ತದೆ? ಭಯದಲ್ಲಿರುವವರು ತಮ್ಮವರ ಮಾತು ಕೇಳುತ್ತಾರೆ. ನಿಮ್ಮ ಮನೆಯವರ ಪಾಲಿಗೆ ಆ ತಮ್ಮವರು ನೀವೇ.

ಫ್ಯಾಮಿಲಿ ಗ್ರೂಪಿನಲ್ಲಿ ದೊಡ್ಡಪ್ಪ ಏನೋ ಹಾಕಿದರೆ ಅಲ್ಲೇ ಎಲ್ಲರೆದುರು "ಇದು ಫೇಕ್" ಎಂದು ಬರೆಯಬೇಡಿ. ಮುಖಭಂಗವಾದವರು ತಾವು ಹೇಳಿದ್ದಕ್ಕೇ ಅಂಟಿಕೊಳ್ಳುತ್ತಾರೆ. ಫೋನ್ ಮಾಡಿ. "ದೊಡ್ಡಪ್ಪಾ, ನೀವು ಕಳಿಸಿದ್ದು ನೋಡಿದೆ, ಭಯ ಆಯ್ತು. ಆ ವಿಡಿಯೊ ಎಲ್ಲಿಯದು ಅಂತ ಹುಡುಕಿದೆ, ಬೇರೆ ಊರಿನದು ಅಂತ ಸಿಕ್ತು. ನಿಮಗೆ ಕಳಿಸ್ಲಾ?" ಅಂತ ಕೇಳಿ. ಅವರ ಕಾಳಜಿ ನಿಜ ಅಂತ ಮೊದಲು ಒಪ್ಪಿಕೊಳ್ಳಿ. ಗ್ರೂಪಿನಿಂದ ಅಳಿಸುವ ಕೆಲಸವನ್ನು ಅವರಿಗೇ ಬಿಡಿ.

ದಾರಿ ತಪ್ಪಿಸುವ ಜಾಹೀರಾತು ಕಂಡರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಚುನಾವಣೆಯ ಹೊತ್ತಿನಲ್ಲಿ ನೀತಿ ಸಂಹಿತೆ ಮುರಿದ ಪ್ರಚಾರ ಕಂಡರೆ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ಅಥವಾ ವಿಡಿಯೊ ಹಾಕಬಹುದು. ದೂರು ಕೊಟ್ಟವರು ಹೆಸರು ಹೇಳದೆಯೂ ಇರಬಹುದು.